ಅಧ್ಯಕ್ಷರ ಮನೆಯವರು

ಶಹಾಬಾದ
೧೨ ಜೂನ್ ೨೦೨೪

ಶ್ರೀಮತಿ ಜಗದೇವಿ ಅವರಿಗೆ,
(ಅಂಗನವಾಡಿ ಕಾರ್ಯಕರ್ತೆ ಅಂಬುಬಾಯಿಯವರ ಮೂಲಕ, ಚಿಂಚೋಳಿ ತಾಲೂಕು)

ನೀವು ಕಳಿಸಿದ ‘ಹೊರಗಿನ ಕುರ್ಚಿ’ ಎಂಬ ಕಥೆ ಕೈ ಸೇರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯ ಹೆಣ್ಣುಮಕ್ಕಳ ಕಥೆಗಳನ್ನು ಒಂದು ಪುಸ್ತಕ ಮಾಡಬೇಕೆಂದು ನಾವು ಕೆಲವರು ಹೆಂಗಸರು ಸೇರಿ ಹೊರಟಿದ್ದೇವೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಬಂದ ಕಥೆಗಳನ್ನು ಮೊದಲು ಓದುವ ಕೆಲಸ ನನ್ನದು.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಪಂಚಾಯಿತಿ ಅಧ್ಯಕ್ಷೆಯಾದ ಹೆಂಗಸು ಸಭೆಯ ಹೊತ್ತಿನಲ್ಲಿ ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂಡುತ್ತಾಳೆ. ಒಳಗೆ ಅವಳ ಕುರ್ಚಿಯಲ್ಲಿ ಗಂಡ ಕೂತಿರುತ್ತಾನೆ. ಅವನು ಕೆಮ್ಮುವ ರೀತಿಯಿಂದಲೇ ಠರಾವು ಪಾಸಾಯಿತೋ ಇಲ್ಲವೋ ಎಂದು ಅವಳು ತಿಳಿಯುತ್ತಾಳೆ. ಹೆಂಗಸರಿಗೆಂದು ಕಟ್ಟಿಸಿದ ಶೌಚಾಲಯದಲ್ಲಿ ಗಂಡ ತನ್ನ ತೊಗರಿ ಚೀಲ ತುಂಬಿ ಬೀಗ ಜಡಿದಿರುವುದು, ಊರ ಹೆಂಗಸರು ಚರಗಿ ಹಿಡಿದು ಅದೇ ಗೋಡೆಯ ಮಗ್ಗುಲಲ್ಲಿ ಬಯಲಿಗೆ ಹೋಗುವುದು, ಇವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ.

ಆದರೂ ಒಂದು ಮಾತು ಕೇಳದೆ ವಿಧಿಯಿಲ್ಲ. ಈ ಕಥೆ ಬರೆದವರು ನೀವೇ ಏನು? ಕೇಳಲು ಕಾರಣವಿದೆ. ನಮ್ಮ ಮೊದಲ ಪುಸ್ತಕದಲ್ಲಿ ಒಬ್ಬ ಹೆಣ್ಣುಮಗಳ ಹೆಸರಿನ ಕಥೆ ಹಾಕಿದೆವು. ಪುಸ್ತಕ ಬಂದ ಮೇಲೆ ಅದನ್ನು ಬರೆದವನು ಒಬ್ಬ ಗಂಡಸೆಂದು ಗೊತ್ತಾಯಿತು. ಹೆಂಗಸರ ಕಷ್ಟ ಬರೆಯುವುದಕ್ಕೆ ಹೆಂಗಸೇ ಆಗಬೇಕಿಲ್ಲ, ನೋಡಿ ಹೇಗೆ ಯಾಮಾರಿಸಿದೆ ಎಂದು ಅವನು ಊರೆಲ್ಲ ಹೇಳಿಕೊಂಡು ತಿರುಗಿದ. ನಮಗೆ ತಲೆ ಎತ್ತಲಾಗದಂತಾಯಿತು.

ನಿಮ್ಮ ವಿಳಾಸ ಬೇರೊಬ್ಬರ ಮೂಲಕ ಇದೆ. ಫೋನ್ ನಂಬರ್ ಇಲ್ಲ. ಕಥೆಯ ಕೊನೆಯಲ್ಲಿ, ಎಂದೂ ದನಿ ಎತ್ತದ ಆ ಹೆಂಗಸು ಕಲ್ಲು ತೆಗೆದುಕೊಂಡು ಬೀಗ ಒಡೆಯುತ್ತಾಳೆ. ನಮ್ಮ ಬಳಗದವರು ಅದನ್ನು ಓದಿ, ಇದನ್ನು ನಂಬಲಾಗುವುದಿಲ್ಲ, ಹೀಗೆ ಬರೆಯುವುದು ಗಂಡಸರು ಮಾತ್ರ ಎಂದರು. ದಯವಿಟ್ಟು ಒಮ್ಮೆ ಫೋನ್ ಮಾಡಿ ಮಾತಾಡಿರಿ. ನನ್ನ ನಂಬರ್ ಕೆಳಗಿದೆ.

ಅತೀಯಾ ಬೇಗಂ


ಚಿಂಚೋಳಿ ತಾಲೂಕು
೧ ಜುಲೈ ೨೦೨೪

ಮಾನ್ಯ ಅತೀಯಾ ಬೇಗಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಅಂಬುಬಾಯಿ ಅಂಗನವಾಡಿಯ ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು ಕೊಟ್ಟಳು. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಅಲ್ಲೇ ಗೋಡೆಗೆ ಒರಗಿ ಓದಿದೆ. ಖುಷಿಯಾಯಿತು. ಆಮೇಲೆ ಸಿಟ್ಟೂ ಬಂತು.

ನನ್ನ ಹತ್ತಿರ ಫೋನ್ ಇಲ್ಲ. ನಮ್ಮ ಪಂಚಾಯಿತಿ ಗೋಡೆಯ ಮೇಲೆ ‘ಅಧ್ಯಕ್ಷರು: ಶ್ರೀಮತಿ ಜಗದೇವಿ’ ಎಂದು ಬರೆಸಿ ಕೆಳಗೆ ಮೊಬೈಲ್ ನಂಬರ್ ಹಾಕಿದ್ದಾರೆ. ಅದು ನಮ್ಮ ಮನೆಯವರ ನಂಬರ್. ನೀವು ಅದಕ್ಕೆ ಫೋನ್ ಮಾಡಿದರೆ ಗಂಡಸಿನ ದನಿ ಕೇಳಿ ನಿಮ್ಮ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಹೌದು, ನಾನು ಅಧ್ಯಕ್ಷೆ. ಸೀಟು ಹೆಂಗಸರಿಗೆ ಬಂತೆಂದು ನನ್ನನ್ನು ನಿಲ್ಲಿಸಿದರು, ಗೆದ್ದೆ. ಆದರೆ ಕಥೆಯಲ್ಲಿರುವುದು ನಮ್ಮೂರಲ್ಲ, ಆ ಗಂಡ ನಮ್ಮ ಮನೆಯವರಲ್ಲ. ಎಲ್ಲ ಕಲ್ಪನೆ. ಇದನ್ನು ನಿಮ್ಮ ಬಳಗದವರಿಗೂ ತಪ್ಪದೆ ಹೇಳಬೇಕು.

ಗಂಡಸರು ಕಥೆ ಕಳಿಸಿದರೆ ನೀನು ಗಂಡಸೇ ಎಂದು ಸಾಬೀತು ಮಾಡು ಅಂತ ಯಾರಾದರೂ ಕೇಳುತ್ತಾರೆಯೇ? ಹೆಣ್ಣಾಗಿ ಇರುವುದಕ್ಕೂ ಅಪ್ಪಣೆ ಬೇಕು, ಹೆಣ್ಣೆಂದು ಬರೆಯುವುದಕ್ಕೂ ಪುರಾವೆ ಬೇಕು ಎಂದರೆ ಎಲ್ಲಿಗೆ ಹೋಗುವುದು?

ನನಗೂ ಒಂದು ಅನುಮಾನವಿದೆ. ನೀವು ಅತೀಯಾ ಬೇಗಂ ಎಂದು ನಾನು ಹೇಗೆ ನಂಬಲಿ? ಪೇಪರಿನಲ್ಲಿ ಪ್ರಕಟಣೆ ನೋಡಿ ಕಥೆ ಕಳಿಸಿದವಳು ನಾನು. ಶಹಾಬಾದಿನ ಕಲ್ಲಿನ ಖಣಿಗಳ ವ್ಯವಹಾರದಲ್ಲಿ ನಮ್ಮ ಮನೆಯವರ ದೋಸ್ತರು ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರು ಈ ಪತ್ರ ಬರೆಸಿ ನನ್ನ ಬಾಯಿ ಬಿಡಿಸುತ್ತಿಲ್ಲವೆಂದು ಏನು ಗ್ಯಾರಂಟಿ? ನಿಮ್ಮದು ಟೀಚರ ಅಕ್ಷರ ಎಂದು ಅಂಬುಬಾಯಿ ಹೇಳುತ್ತಾಳೆ. ನನಗೆ ಅಷ್ಟು ಧೈರ್ಯ ಸಾಲದು.

ಬೀಗ ಒಡೆಯುವುದನ್ನು ನಂಬಲಾಗುವುದಿಲ್ಲ ಎಂದಿರಿ. ನನಗೂ ನಂಬಿಕೆಯಿಲ್ಲ. ಬರೆಯುವಾಗ ಕೈ ಅಲ್ಲಿಗೇ ಹೋಯಿತು, ನಾನು ತಡೆಯಲಿಲ್ಲ.

ಜಗದೇವಿ


ಶಹಾಬಾದ
೧೮ ಜುಲೈ ೨೦೨೪

ಜಗದೇವಿ ಅವರಿಗೆ,

ನಿಮ್ಮ ಉತ್ತರ ಓದಿ ನಾನು ಮೆತ್ತಗಾಗಬೇಕಿತ್ತು. ಆಗಲಿಲ್ಲ. ಊರಿನ ಅಧ್ಯಕ್ಷೆಗೆ ಒಂದು ಫೋನ್ ಇಲ್ಲವೆಂದರೆ ಹೇಗೆ ನಂಬುವುದು? ಅಲ್ಲದೆ ನೀವು ಬಹಳ ಚೆನ್ನಾಗಿ ವಾದ ಮಾಡುತ್ತೀರಿ. ಹಿಂದೆ ನಮ್ಮನ್ನು ಯಾಮಾರಿಸಿದವನೂ ಹೀಗೇ ವಾದ ಮಾಡಿ ಪತ್ರ ಬರೆದಿದ್ದ.

ನನ್ನ ತಮ್ಮ ಮುದಸ್ಸಿರ್ ವಾಡಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಅಲ್ಲಿಗೆ ಬರುವ ನಿಮ್ಮ ಕಡೆಯ ಲಾರಿ ಡ್ರೈವರುಗಳನ್ನು ಅವನ ಮೂಲಕ ವಿಚಾರಿಸಿದೆ. ನಿಮ್ಮೂರ ಅಧ್ಯಕ್ಷರು ಯಾರೆಂದರೆ ಕೇಳಿದವರೆಲ್ಲ ರಮೇಶಕುಮಾರ ಎಂದರು. ಒಬ್ಬರ ಬಾಯಲ್ಲೂ ಜಗದೇವಿ ಎಂಬ ಹೆಸರು ಬರಲಿಲ್ಲ. ಹಾಗಾದರೆ ನನಗೆ ಪತ್ರ ಬರೆಯುತ್ತಿರುವವರು ಯಾರು? ರಮೇಶಕುಮಾರರೇ?

ಇದಕ್ಕೊಂದು ದಾರಿ ಹುಡುಕಿದ್ದೇನೆ. ಇದೇ ಪತ್ರದ ಇನ್ನೊಂದು ಪ್ರತಿಯನ್ನು, ಜೊತೆಗೆ ನಿಮ್ಮ ಕಥೆಯ ಜೆರಾಕ್ಸನ್ನು, ಪಂಚಾಯಿತಿ ಕಚೇರಿಯ ವಿಳಾಸಕ್ಕೆ ‘ಅಧ್ಯಕ್ಷರಿಗೆ’ ಎಂದು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನೀವು ಜಗದೇವಿಯೇ ಆಗಿದ್ದರೆ, ಅಧ್ಯಕ್ಷೆಯೂ ಆಗಿದ್ದರೆ, ಅದು ನಿಮ್ಮ ಕೈಗೇ ಬರುತ್ತದೆ. ಅದಕ್ಕೆ ಉತ್ತರ ಕೊಡಿ. ಮುಂದೆ ನಾನು ಏನೂ ಕೇಳುವುದಿಲ್ಲ.

ಅತೀಯಾ ಬೇಗಂ


ಗ್ರಾಮ ಪಂಚಾಯಿತಿ ಕಾರ್ಯಾಲಯ
ಚಿಂಚೋಳಿ ತಾಲೂಕು
೫ ಆಗಸ್ಟ್ ೨೦೨೪

ಇವರಿಗೆ,
ಅತೀಯಾ ಬೇಗಂ, ಶಹಾಬಾದ.

ಮಾನ್ಯರೇ,

ವಿಷಯ: ಕಥೆ ಹಿಂದಿರುಗಿಸುವ ಕುರಿತು.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ನಾನು ಯಾವುದೇ ಕಥೆಯನ್ನು ಬರೆದಿರುವುದಿಲ್ಲ ಮತ್ತು ಯಾರಿಗೂ ಕಳುಹಿಸಿರುವುದಿಲ್ಲ. ನನ್ನ ಹೆಸರನ್ನು ಕಿಡಿಗೇಡಿಗಳು ದುರುಪಯೋಗಪಡಿಸಿಕೊಂಡಿರುತ್ತಾರೆ. ನನ್ನ ಪತಿಯವರಾದ ಶ್ರೀ ರಮೇಶಕುಮಾರರವರು ನನ್ನ ಎಲ್ಲಾ ಕಾರ್ಯಗಳಲ್ಲಿ ಬೆನ್ನೆಲುಬಾಗಿ ನಿಂತು ಗ್ರಾಮದ ಅಭಿವೃದ್ಧಿಗೆ ಹಗಲಿರುಳು ಶ್ರಮಿಸುತ್ತಿದ್ದಾರೆ. ಸದರಿ ಕಥೆಯು ಅವರ ಗೌರವಕ್ಕೆ ಧಕ್ಕೆ ತರುವಂತಿದೆ.

ಆದ ಕಾರಣ ಮೂಲ ಹಸ್ತಪ್ರತಿಯನ್ನು ಕೂಡಲೇ ಈ ಕಚೇರಿಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು. ಅಲ್ಲದೆ ಅತೀಯಾ ಬೇಗಂ ಎಂಬ ಹೆಸರಿನಲ್ಲಿ ಪತ್ರ ಬರೆಯುತ್ತಿರುವವರು ಯಾರು, ಅವರು ಗಂಡಸರೋ ಹೆಂಗಸರೋ ಎಂಬುದನ್ನು ಸಹ ತಿಳಿಸತಕ್ಕದ್ದು.

ತಮ್ಮ ವಿಶ್ವಾಸಿ,
(ಸಹಿ) ಜಗದೇವಿ
ಅಧ್ಯಕ್ಷರು


ಶಹಾಬಾದ
೧೪ ಆಗಸ್ಟ್ ೨೦೨೪

ಜಗದೇವಿ,

ಇದನ್ನು ಅಂಬುಬಾಯಿಯ ವಿಳಾಸಕ್ಕೆ ಮಾತ್ರ ಹಾಕುತ್ತಿದ್ದೇನೆ.

ಕಂಪ್ಯೂಟರಿನಲ್ಲಿ ಟೈಪು ಮಾಡಿದ ಪತ್ರವೊಂದು ನಿಮ್ಮ ಹೆಸರಿನಲ್ಲಿ ಬಂದಿದೆ. ಬಳಗದವರು ಅದನ್ನು ಓದಿ, ನೋಡಿದಿರಾ, ಕಥೆ ಅವಳದಲ್ಲವೇ ಅಲ್ಲ, ನಿಮ್ಮ ಅನುಮಾನ ಸರಿಯಿತ್ತು ಎಂದರು. ನನಗೆ ಸಮಾಧಾನವಾಗಲಿಲ್ಲ. ಕೆಳಗಿನ ಸಹಿ ಪೆನ್ನಿನಿಂದ ಮಾಡಿದ್ದು. ಕಥೆಯ ಹಾಳೆಗಳನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಮಕ್ಕಳ ಅಕ್ಷರ ತಿದ್ದಿ ತಿದ್ದಿ ಬಂದ ಕಣ್ಣು ನನ್ನದು. ಸಹಿ ಮಾಡಿದ ಕೈಯೂ ಕಥೆ ಬರೆದ ಕೈಯೂ ಒಂದೇ. ಪತ್ರದ ಮಾತುಗಳು ಮಾತ್ರ ಬೇರೆಯವರವು. ಅವರು ಟೈಪು ಮಾಡಿಸಿ ಮುಂದಿಟ್ಟರು, ನೀವು ಸಹಿ ಹಾಕಿದಿರಿ. ಹೌದಲ್ಲವೇ?

ಹಾಗಿದ್ದರೆ ನಾನು ಮಾಡಿದ್ದು ಏನೆಂದು ಯೋಚಿಸಿ ಎರಡು ದಿನ ಊಟ ರುಚಿಸಲಿಲ್ಲ. ನಿಮ್ಮೂರಲ್ಲಿ ‘ಅಧ್ಯಕ್ಷರು’ ಎಂದರೆ ಯಾರೆಂದು ನೀವೇ ನನಗೆ ಬಿಡಿಸಿ ಹೇಳಿದ್ದಿರಿ. ಹೇಳಿದ ಮೇಲೂ ಅದೇ ಹೆಸರು ಬರೆದು ನಿಮ್ಮ ಕಥೆಯನ್ನು ಅವರ ಕೈಗೆ ಮುಟ್ಟಿಸಿದೆ. ಹೆಣ್ಣಿನ ಮಾತನ್ನು ಯಾರೂ ನಂಬುವುದಿಲ್ಲವೆಂದು ಕ್ಲಾಸಿನಲ್ಲಿ ವರ್ಷಗಟ್ಟಲೆ ಹೇಳಿದವಳು ನಾನೇ.

ಕಥೆಯ ಮೂಲ ಪ್ರತಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ಕ್ಷೇಮವಾಗಿದ್ದೀರೆಂದು ಒಂದು ಸಾಲು ಬರೆಯಿರಿ. ಅಂಬುಬಾಯಿಯ ಕೈಯಲ್ಲಿ ಬರೆಸಿದರೂ ಸಾಕು.

ಅತೀಯಾ


ಶಹಾಬಾದ
೧೧ ಸೆಪ್ಟೆಂಬರ್ ೨೦೨೪

ಜಗದೇವಿ,

ಉತ್ತರವಿಲ್ಲ. ಕಾದು ಸಾಕಾಗಿ ಮೊನ್ನೆ ನಾನೇ ನಿಮ್ಮೂರಿಗೆ ಬಂದಿದ್ದೆ. ಇಲ್ಲಿಂದ ವಾಡಿ, ವಾಡಿಯಿಂದ ಸೇಡಂ ರೈಲು, ಅಲ್ಲಿಂದ ಚಿಂಚೋಳಿ ಬಸ್ಸು, ಕೊನೆಗೆ ಟಂಟಂ ಆಟೋ.

ಅಂಗನವಾಡಿಗೆ ಬೀಗ ಹಾಕಿತ್ತು. ಅಂಬುಬಾಯಿ ತರಬೇತಿಗೆ ಹೋಗಿದ್ದಾಳೆ ಎಂದರು. ಪಂಚಾಯಿತಿಗೆ ಹೋದೆ. ಅಧ್ಯಕ್ಷರು ಇದ್ದಾರೆಯೇ ಎಂದು ಕೇಳಿದೆ. ಕುರ್ಚಿಯಲ್ಲಿ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗಂಡಸರು ತಲೆ ಎತ್ತಿದರು.

“ನಾನೇ ರೀ, ಹೇಳ್ರಿ. ಬರ್ರಿ, ಕುಂದ್ರಿ.”

ಬಹಳ ಮರ್ಯಾದೆ ಮಾಡಿದರು, ಸುಳ್ಳು ಹೇಳಬಾರದು. ಚಹಾ ತರಿಸಿದರು. ಶಹಾಬಾದಿನ ರಿಟೈರ್ಡ್ ಟೀಚರ್, ಬೀಸುವ ಪದ ಕುಟ್ಟುವ ಪದ ಸಂಗ್ರಹ ಮಾಡುತ್ತಿದ್ದೇನೆ, ನಿಮ್ಮ ಮನೆಯವರಿಗೆ ಹಾಡು ಗೊತ್ತಿದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು.

“ನಮ್ಮ ಮನಿಯಾಕಿಗಿ ಅವೆಲ್ಲ ಬರಂಗಿಲ್ರಿ. ಆಕಿಗಿ ಮಾತೇ ಬರಂಗಿಲ್ಲ.”

ಹೊರಗೆ ಬಂದು ಆ ಕಟ್ಟಡ ಹುಡುಕಿದೆ. ಹುಡುಕಬೇಕಾಗಲೇ ಇಲ್ಲ. ನಿಮ್ಮ ಕಥೆಯಲ್ಲಿ ಎಲ್ಲಿದೆಯೋ ಅಲ್ಲೇ ಇತ್ತು. ನೀಲಿ ಬಾಗಿಲು, ದೊಡ್ಡ ಬೀಗ, ಕಿಟಕಿಯ ಸಂದಿಯಲ್ಲಿ ಕಾಣುವ ಗೋಣಿಚೀಲ. ಎಲ್ಲ ಕಲ್ಪನೆ ಎಂದು ಬರೆದಿದ್ದಿರಲ್ಲ, ಜಗದೇವಿ.

ನಿಮ್ಮ ಮನೆಯ ಮುಂದೆಯೂ ಹಾದುಹೋದೆ. ಅಂಗಳದಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ನಾನು ನಿಂತೆ. ಅವಳು ನನ್ನನ್ನು ನೋಡಿ, ಸೆರಗು ಎಳೆದುಕೊಂಡು, ಬೆನ್ನು ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿದಳು. ಅದು ನೀವೇ ಎಂದು ತಿಳಿದಿದ್ದೇನೆ. ಆ ಸಿಟ್ಟು ನನಗೆ ಸಲ್ಲತಕ್ಕದ್ದೇ. ಆದರೆ ಆ ಮನೆಯಲ್ಲಿ ನೀವು ಹೇಗಿದ್ದೀರೆಂದು ತಿಳಿಯದೆ ನನಗೆ ನೆಮ್ಮದಿಯಿಲ್ಲ.

ಅತೀಯಾ


ದಂಡೋತಿ
೨೪ ಸೆಪ್ಟೆಂಬರ್ ೨೦೨೪

ಟೀಚರೇ,

ಬಾಗಿಲು ಹಾಕಿದವಳು ನಾನಲ್ಲ, ನನ್ನ ನಾದಿನಿ. ನಾನು ಆಗಸ್ಟ್ ತಿಂಗಳಿಂದ ದಂಡೋತಿಯಲ್ಲಿ, ತವರುಮನೆಯಲ್ಲಿದ್ದೇನೆ. ನಿಮ್ಮ ಎರಡೂ ಪತ್ರಗಳನ್ನು ಅಂಬುಬಾಯಿ ಸೇಡಂ ಆಸ್ಪತ್ರೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಇಲ್ಲಿಗೆ ತಂದುಕೊಟ್ಟಳು.

ನಿಮ್ಮ ರಿಜಿಸ್ಟರ್ ಪತ್ರವನ್ನು ಅವರೇ ಸಹಿ ಮಾಡಿ ತೆಗೆದುಕೊಂಡರು. ಹೊಡೆಯಲಿಲ್ಲ, ಬೈಯಲಿಲ್ಲ. ಊಟ ಮಾಡಿ ಕೈ ತೊಳೆದು, ನಿಮ್ಮ ಪತ್ರ ಮುಂದಿಟ್ಟು, ತಣ್ಣಗೆ ಕೇಳಿದರು.

“ಯಾರವ ಈ ಅತೀಯಾ?”

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕಥೆಯಲ್ಲಿ ತಾವಿದ್ದೇವೆಂಬ ಸಿಟ್ಟಿಗಿಂತ ಅವರಿಗೆ ಬೇರೆ ಸಂಶಯವೇ ದೊಡ್ಡದಾಗಿತ್ತು. ಯಾವನೋ ಗಂಡಸು ಹೆಣ್ಣಿನ ಹೆಸರು ಇಟ್ಟುಕೊಂಡು ನನಗೆ ಪತ್ರ ಬರೆಯುತ್ತಿದ್ದಾನೆ, ನಾನು ಕದ್ದು ಅವನಿಗೆ ಉತ್ತರ ಕೊಡುತ್ತಿದ್ದೇನೆ ಎಂದು. ನೀವು ನನ್ನನ್ನು ಗಂಡಸೆಂದಿರಿ, ಅವರು ನಿಮ್ಮನ್ನು ಗಂಡಸೆಂದರು. ಅಳುವ ಹೊತ್ತಿನಲ್ಲಿ ನನಗೆ ನಗು ಬಂತು. ನಕ್ಕಿದ್ದೇ ತಪ್ಪಾಯಿತು. ಟೈಪು ಮಾಡಿಸಿದ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಮರುದಿನವೇ ಬಾಡಿಗೆ ಕಾರಿನಲ್ಲಿ ತಂದು ಇಲ್ಲಿ ಬಿಟ್ಟರು. ನಮ್ಮವ್ವ ಗುಂಡಮ್ಮನಿಗೆ, ನಾಕು ದಿನ ಇಟ್ಟುಕೊಳ್ಳಿರಿ, ಆಕೆಗೆ ತಲೆ ಸರಿ ಇಲ್ಲ ಎಂದು ಹೇಳಿಹೋದರು. ಸೇಡಂ ಹಾಸ್ಟೆಲಿನಲ್ಲಿರುವ ನನ್ನ ಮಗಳಿಗೂ ಹಾಗೇ ಹೇಳಿದ್ದಾರಂತೆ.

ನೀವು ಊರಿಗೆ ಬಂದು ಹೋದ ವಾರವೇ ಅವರು ಇಲ್ಲಿಗೆ ಬಂದಿದ್ದರು. “ಬಂದಿದ್ಳು ನಿನ್ನ ಅತೀಯಾ. ಖರೇನೇ ಹೆಣ್ಮಗಳು ಅದಾಳ, ಮುದುಕಿ,” ಎಂದರು. ಶಹಾಬಾದಿನಿಂದ ಬಂದವರು ಎಂದೊಡನೆ ಅವರಿಗೆ ಗೊತ್ತಾಗಿತ್ತಂತೆ. ಅವರ ಮುಖದಲ್ಲಿ ನಿರಾಳ ಕಾಣಿಸಿತು. ನನ್ನನ್ನು ಕ್ಷಮಿಸಿದವರ ಹಾಗೆ ಮಾತಾಡಿದರು. ನಾನು ಏನು ತಪ್ಪು ಮಾಡಿದ್ದೆನೆಂದು ಕೇಳಲಿಲ್ಲ. ಕೇಳಿದ್ದರೆ ನಿರಾಳ ಹೋಗುತ್ತಿತ್ತು.

ನಾನು ಇಲ್ಲಿದ್ದರೂ ಪಂಚಾಯಿತಿಗೆ ನನ್ನ ಸಹಿ ಬೇಕು. ಅಲ್ಲಿ ಕೆಲಸಕ್ಕಿರುವ ವಿಠೋಬಾನನ್ನು ಮೋಟಾರ್ ಸೈಕಲ್ಲಿನಲ್ಲಿ ಕಾಗದ ಕೊಟ್ಟು ಕಳಿಸುತ್ತಾರೆ. ಮೊದಲ ಸಲ ಸಹಿ ಹಾಕಿದೆ. ಎರಡನೆಯ ಸಲ, ಹೋಗಿ ಹೇಳು, ನನ್ನ ಸಹಿ ಕುರ್ಚಿಯ ಮೇಲೆ ಕೂತಾಗ ಮಾತ್ರ ಬರುತ್ತದೆ ಎಂದೆ. ವಿಠೋಬಾ ಹೆದರಿ ನಮ್ಮವ್ವನ ಮುಖ ನೋಡಿದ. ನಮ್ಮವ್ವ ನನ್ನ ಮುಖ ನೋಡಿದಳು. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ.

ಈಗ ಅವರು ವಾರಕ್ಕೊಮ್ಮೆ ಬರುತ್ತಾರೆ. ಹೂವು ತರುತ್ತಾರೆ. ಮದುವೆಯಾದಾಗಲೂ ತಂದಿರಲಿಲ್ಲ. ಅಣ್ಣ ಹೋಗು ಅನ್ನುತ್ತಾನೆ. ಗ್ರಾಮಸಭೆಯಲ್ಲಿ ಕುರ್ಚಿ ಬಿಟ್ಟುಕೊಟ್ಟರೆ ಬರುತ್ತೇನೆ ಎಂದಿದ್ದೇನೆ. ಅದಕ್ಕೇನಂತ ಎಂದು ಒಪ್ಪಿಕೊಂಡರು. ಅಷ್ಟು ಬೇಗ ಒಪ್ಪಿದ್ದು ನೋಡಿ ಭಯವಾಗಿದೆ.

ಕಲ್ಪನೆ ಎಂದು ಬರೆದದ್ದು ನಿಜ ಹೇಳಲು ಹೆದರಿ. ಇನ್ನು ಮೇಲೆ ನಿಮ್ಮ ಹತ್ತಿರ ಮುಚ್ಚಿಡುವುದು ಏನೂ ಉಳಿದಿಲ್ಲ.

ಜಗದೇವಿ


ಶಹಾಬಾದ
೬ ಅಕ್ಟೋಬರ್ ೨೦೨೪

ಜಗದೇವಿ,

ನಿಮ್ಮ ಪತ್ರ ಬಂದ ದಿನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಜೋರಾಗಿ ಓದಿಕೊಂಡೆ.

ನನಗೆ ಹೂವಿನ ಮೇಲೆ ನಂಬಿಕೆಯಿಲ್ಲ. ಸಹಿ ಬೇಕಾಗಿದೆ, ಅದಕ್ಕೇ ಬರುತ್ತಿದ್ದಾರೆ. ನೀವು ಹೋಗಿ ಒಂದು ದಿನ ಕುರ್ಚಿಯಲ್ಲಿ ಕೂತರೆ, ಫೋಟೋ ತೆಗೆಸಿ ಪೇಪರಿಗೆ ಕೊಟ್ಟು, ಮರುದಿನ ಮತ್ತೆ ಹೊರಗೆ ಕೂಡಿಸುತ್ತಾರೆ. ಹೋಗಬೇಡಿ ಎನ್ನುವ ಹಕ್ಕು ನನಗಿಲ್ಲ. ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದಷ್ಟೇ ಹೇಳುತ್ತೇನೆ. ಆ ದಿನ ಅಂಬುಬಾಯಿ ಊರಲ್ಲಿರುವಂತೆ ನೋಡಿಕೊಳ್ಳಿ.

ನಮ್ಮ ಬಳಗದವರಿಗೆ ವಿಷಯ ತಿಳಿಸಿದೆ. ನಾಚಿಕೆಪಟ್ಟರು. ಆಮೇಲೆ ಅವರಲ್ಲೇ ಇಬ್ಬರು, ಹಾಗಾದರೆ ನಿಜವಾದ ಅಧ್ಯಕ್ಷೆ ಬರೆದ ನಿಜವಾದ ಕಥೆ ಎಂದು ಮೊದಲ ಪುಟದಲ್ಲೇ ಹಾಕೋಣ, ಪುಸ್ತಕ ಓಡುತ್ತದೆ ಎಂದರು. ನಾನು ಬೇಡವೆಂದು ಜಗಳವಾಡಿದ್ದೇನೆ. ಮೊನ್ನೆಯವರೆಗೆ ಕಥೆ ಚೆನ್ನಾಗಿದೆ, ಆದರೆ ಅವಳು ಹೆಂಗಸಲ್ಲ ಎಂದವರು ಈಗ ಅವಳು ಹೆಂಗಸು, ಕಥೆ ಹೇಗಿದ್ದರೂ ನಡೆಯುತ್ತದೆ ಎನ್ನುತ್ತಿದ್ದಾರೆ. ನಿಮ್ಮ ಹೆಸರು ಹಾಕಬೇಕೋ, ಬೇರೆ ಹೆಸರೋ, ಕಥೆಯೇ ಬೇಡವೋ, ನೀವು ಹೇಳಿದ ಹಾಗೆ.

ಅತೀಯಾ


ಚಿಂಚೋಳಿ ತಾಲೂಕು
೧೯ ನವೆಂಬರ್ ೨೦೨೪

ಆಪಾ,

ಅಕ್ಕ ಎನ್ನುವ ಬದಲು ಹೀಗೆ ಕರೆಯಬಹುದಲ್ಲ?

ಮನೆಗೆ ಬಂದಿದ್ದೇನೆ. ಗ್ರಾಮಸಭೆ ಆಯಿತು. ಅಣ್ಣ ಬರಲಿಲ್ಲ, ಹೊಲದಲ್ಲಿ ಕೆಲಸವಿದೆ ಎಂದ. ಅಂಬುಬಾಯಿ ಊರಲ್ಲೇ ಇದ್ದಳು. ಅವಳು ಮನೆಮನೆಗೆ ಹೋಗಿ ಹೆಂಗಸರನ್ನು ಕರೆದು ತಂದಳು. ಇಷ್ಟು ಹೆಂಗಸರು ಪಂಚಾಯಿತಿ ಮುಂದೆ ಬಂದದ್ದನ್ನು ನಾನು ನೋಡಿಲ್ಲ.

ಕುರ್ಚಿ ಖಾಲಿ ಇತ್ತು. ಅವರು ಗೋಡೆಗೆ ಒರಗಿ, ಕೈ ಕಟ್ಟಿಕೊಂಡು, ನಗುತ್ತ ನಿಂತಿದ್ದರು. ನಾನು ಹೋಗಿ ಕೂತೆ. ಕುರ್ಚಿಯ ಮೇಲೆ ಅವರ ಟವೆಲ್ ಹಾಸಿತ್ತು, ತೆಗೆದಿಟ್ಟೆ. ಮೆಂಬರುಗಳೆಲ್ಲ ನನಗೆ ನಮಸ್ಕಾರ ಮಾಡಿ ಅವರ ಕಡೆ ನೋಡಿದರು. ಲೈಟಿನ ವಿಷಯ, ಚರಂಡಿಯ ವಿಷಯ ಬಂತು. ಪಿಡಿಒ ಹೇಳಿಕೊಟ್ಟಂತೆ ಹೇಳಿದೆ.

ಆಮೇಲೆ ಮಾಶಾಬಿ ಎದ್ದು ನಿಂತಳು. ಊರ ನಡುವೆ ಇರುವ ವಯಸ್ಸಾದ ಹೆಂಗಸು, ಮಂಡಿ ನೋವಿನವಳು, ಕೋಲು ಹಿಡಿದೇ ನಡೆಯುತ್ತಾಳೆ. ಅವಳು ನನಗೇ ಹೇಳಿದಳು, ಬೇರೆ ಯಾರ ಕಡೆಗೂ ನೋಡದೆ.

“ಬೇಟಿ, ನಾ ಬಯಲಿಗಿ ಹೋದ್ರ ಕುಂದ್ರಲಿಕ್ಕಿ ಆಗಂಗಿಲ್ಲ, ಕುಂತ್ರ ಏಳಲಿಕ್ಕಿ ಆಗಂಗಿಲ್ಲ. ಮೊನ್ನಿ ಅಲ್ಲೇ ಬಿದ್ದೀನಿ. ಆ ಪಾಯಖಾನಿ ಖೋಲಿ ನಮ್ಮ ಸಲುವಾಗಿ ಕಟ್ಟ್ಯಾರಂತ ಕೇಳೀನಿ. ಕೀಲಿ ಯಾರ ಹತ್ತಿರ ಅದ?”

ಕೀಲಿ ಯಾರ ಹತ್ತಿರ ಇದೆಯೆಂದು ಇಡೀ ಊರಿಗೆ ಗೊತ್ತು. ನಾನು ಅವರ ಕಡೆ ತಿರುಗಿದೆ. ಕಥೆಯಲ್ಲಿ ಈ ಹೊತ್ತಿಗೆ ಅವಳ ಕೈಯಲ್ಲಿ ಕಲ್ಲು ಇತ್ತು. ಇಲ್ಲಿ ನನ್ನ ಕೈಯಲ್ಲಿ ಏನೂ ಇರಲಿಲ್ಲ. “ಕೀಲಿ ಕೊಡ್ರಿ,” ಅಂದೆ. ಅಷ್ಟೇ. ಅವರು ನಗುತ್ತಲೇ ಜೇಬಿನಿಂದ ತೆಗೆದು ಮೇಜಿನ ಮೇಲೆ ಇಟ್ಟರು. ಇದನ್ನು ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದೆನಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗಂಡಸರು ಚಪ್ಪಾಳೆ ಹೊಡೆದರು. ಸಂಜೆಯೊಳಗೆ ಚೀಲಗಳನ್ನು ಆಳುಗಳ ಕೈಯಲ್ಲಿ ಸಾಗಿಸಿ, ತಾವೇ ನಿಂತು ನೀರು ಹಾಕಿ ತೊಳೆಸಿದರು. ಫೋಟೋ ತೆಗೆಸಿದರು. ನೀವು ಹೇಳಿದಂತೆಯೇ ಪೇಪರಿಗೂ ಕೊಟ್ಟರು.

ಶೌಚಾಲಯ ತೆರೆದಿದೆ. ಮಾಶಾಬಿ ಗೋಡೆ ಹಿಡಿದು ತಾನಾಗಿ ಹೋಗಿಬರುತ್ತಾಳೆ. ಇದು ನಿಜ, ಇದರಲ್ಲಿ ನನಗೆ ಸಂಶಯವಿಲ್ಲ. ಉಳಿದುದರಲ್ಲೆಲ್ಲ ಇದೆ. ಆಪಾ, ಅವರು ಸಿಟ್ಟಿಗೆದ್ದಿದ್ದರೆ ನನಗೆ ತಿಳಿಯುತ್ತಿತ್ತು. ನಕ್ಕು ಕೀಲಿ ಕೊಟ್ಟ ಗಂಡನಿಗೆ ಆ ದಿನ ರೊಟ್ಟಿ ಬಡಿದು ಹಾಕುವಾಗ ಎರಡು ಸೀದುಹೋದವು. ಅವರು ಉಂಡು, ರೊಟ್ಟಿ ಚಲೋ ಆಗ್ಯಾವ ಎಂದರು.

ಅಂದಿನಿಂದ ಪ್ರತಿ ಸಭೆಗೂ ಕುರ್ಚಿಯಲ್ಲಿ ನಾನೇ ಕೂಡುತ್ತಿದ್ದೇನೆ. ಅವರು ಒಂದು ಸ್ಟೂಲು ಹಾಕಿಕೊಂಡು ಹಿಂದೆ ಕೂಡುತ್ತಾರೆ. ಹಿಂದಿನಿಂದ ಕೆಮ್ಮು ಕೇಳುತ್ತದೆ. ಕೇಳಿಸದಂತೆ ಇರುವುದನ್ನು ಕಲಿಯುತ್ತಿದ್ದೇನೆ.

ಕಥೆಯನ್ನು ನನ್ನ ಹೆಸರಿನಲ್ಲೇ ಹಾಕಿರಿ. ಮೊದಲ ಪುಟದಲ್ಲಿ ಬೇಡ. ನಿಜವಾದ ಕಥೆ ಎಂದೂ ಬರೆಯಬೇಡಿರಿ. ಕೊನೆಯನ್ನು ಬದಲಿಸುವುದಿಲ್ಲ. ನಾನು ಒಡೆಯಲಿಲ್ಲವೆಂದು ಅವಳೂ ಒಡೆಯಬಾರದೇ?

ಜಗದೇವಿ


ಶಹಾಬಾದ
೮ ಜನವರಿ ೨೦೨೫

ಜಗದೇವಿ,

ಪುಸ್ತಕ ಅಚ್ಚಾಗುತ್ತಿದೆ. ಫೆಬ್ರವರಿ ಎರಡನೆಯ ಭಾನುವಾರ ಇಲ್ಲಿಯ ಒಂದು ಸಭಾಭವನದಲ್ಲಿ ಬಿಡುಗಡೆ. ಬರೆದವರೆಲ್ಲ ವೇದಿಕೆಗೆ ಬಂದು ನಾಲ್ಕು ಮಾತಾಡಬೇಕು.

ಈ ಪತ್ರದ ಕಾರಣ ಬೇರೆ. ನಿನ್ನೆ ರಮೇಶಕುಮಾರರು ಫೋನ್ ಮಾಡಿದ್ದರು. ನಂಬರನ್ನು ನೀವು ಕೊಟ್ಟಿರೋ, ಅವರೇ ಹುಡುಕಿದರೋ ತಿಳಿಯದು. ತಮ್ಮ ಮನೆಯಾಕೆಯ ಕಥೆ ಪುಸ್ತಕದಲ್ಲಿ ಬರುತ್ತಿರುವುದು ತಮಗೆ ಬಹಳ ಹೆಮ್ಮೆ ಎಂದರು. ಕಥೆಯಲ್ಲಿರುವ ಗಂಡ ಯಾರಾದರೂ ಆಗಿರಬಹುದು, ತಾವಂತೂ ಅಲ್ಲ, ತಾವೇ ಕೀಲಿ ಕೊಟ್ಟದ್ದು ಪೇಪರಿನಲ್ಲಿ ಬಂದಿದೆ ಎಂದರು. ಕೊನೆಗೆ, ಜಗದೇವಿಗೆ ವೇದಿಕೆಯಲ್ಲಿ ಮಾತು ಬರುವುದಿಲ್ಲ, ಅವಳ ಪರವಾಗಿ ತಾವೇ ಮಾತಾಡುತ್ತೇವೆ, ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಹಾಕಿಸಿರಿ ಎಂದರು. ಹೆಸರಿನ ಮುಂದೆ ‘ಅಧ್ಯಕ್ಷರು’ ಎಂದು ಹಾಕಬೇಕೆಂದೂ ಹೇಳಿದರು.

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಿಮಗೆ ಇದು ಗೊತ್ತಿದೆಯೇ? ನೀವೇ ಕೇಳಿಸಿದಿರಾ? ನೀವು ಹೆದರಿ ಅವರ ಕೈಗೆ ಒಪ್ಪಿಸಿದ್ದರೆ ಹೇಳಿಬಿಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಒಮ್ಮೆ ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದ್ದೇನೆ. ಈ ಸಲ ಕೇಳಿಯೇ ಮಾಡಬೇಕೆಂದು ಬರೆಯುತ್ತಿದ್ದೇನೆ.

ಅತೀಯಾ


ಚಿಂಚೋಳಿ ತಾಲೂಕು
೧೩ ಫೆಬ್ರವರಿ ೨೦೨೫

ಆಪಾ,

ನಿಮ್ಮ ಜನವರಿ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ನೀವು ಆಮಂತ್ರಣದಲ್ಲಿ ಅವರ ಹೆಸರು ಹಾಕದೆ, ಸಭೆಯ ದಿನದವರೆಗೂ ಏನಾಗುವುದೋ ಎಂದು ಆತಂಕದಲ್ಲಿದ್ದಿರಿ ಎಂದು ಬಲ್ಲೆ. ನಾನು ಬರೆಯದಿದ್ದುದಕ್ಕೆ ಕಾರಣ ಇಷ್ಟೇ. ಏನು ಬರೆಯಬೇಕೆಂದು ನನಗೇ ತಿಳಿದಿರಲಿಲ್ಲ. ಅವರು ಫೋನ್ ಮಾಡಿದ್ದು ನಿಮ್ಮ ಪತ್ರ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಭಾಷಣ ಬರೆದುಕೊಂಡು ಕನ್ನಡಿಯ ಮುಂದೆ ನಿಂತು ಓದುತ್ತಿದ್ದುದು ಮಾತ್ರ ಗೊತ್ತಿತ್ತು. ಬೇಡವೆನ್ನುವ ಧೈರ್ಯ ಬರುತ್ತದೋ ಇಲ್ಲವೋ ಎಂದು ನನ್ನ ಮೇಲೇ ಸಂಶಯಪಡುತ್ತ ಬಸ್ ಹತ್ತಿದೆ.

ಸಭೆಯಲ್ಲಿ ನಡೆದದ್ದನ್ನು ನೀವು ನೋಡಿದಿರಿ. ನೀವು ಮೈಕಿನಲ್ಲಿ ಜಗದೇವಿ ಎಂದು ಕರೆದಿರಿ. ನನಗಿಂತ ಮೊದಲು ಅವರು ಎದ್ದರು, ಅಂಗಿ ಸರಿಪಡಿಸಿಕೊಂಡರು, ಕಿಸೆಯಿಂದ ಕಾಗದ ತೆಗೆದರು. ನೀವು ಮೈಕು ಬಿಟ್ಟು ಮುಂದೆ ಬರಬೇಕೆಂದಿದ್ದುದನ್ನು ಕಂಡೆ. ನೀವು ಬಂದಿದ್ದರೆ ಅದು ನಿಮ್ಮ ಮತ್ತು ಅವರ ನಡುವಿನ ಮಾತಾಗುತ್ತಿತ್ತು. ನಾನು ಅವರ ತೋಳು ಮುಟ್ಟಿ ಮೆಲ್ಲಗೇ ಹೇಳಿದೆ.

“ನೀವು ಕುಂದ್ರಿ.”

ಮುಂದಿನ ಸಾಲಿನವರಿಗಷ್ಟೇ ಕೇಳಿಸಿರಬೇಕು. ಅವರು ನನ್ನನ್ನು ನೋಡಿದರು. ನಾನು ಕೈ ತೆಗೆಯಲಿಲ್ಲ. ಅವರು ಕೂತರು. ಮೇಲೆ ಬಂದು ನಾನು ಏನು ಮಾತಾಡಿದೆನೋ ನೆನಪಿಲ್ಲ, ನಿಮಗೆ ನೆನಪಿದ್ದರೆ ಬರೆದು ತಿಳಿಸಿರಿ.

ನೀವು ನೋಡದ್ದನ್ನು ಹೇಳುವುದಕ್ಕೆಂದೇ ಈ ಪತ್ರ. ವಾಪಸು ಬರುವಾಗ ಸೇಡಂವರೆಗೆ ಅವರು ಒಂದು ಮಾತೂ ಆಡಲಿಲ್ಲ. ನಾನು ಮನಸ್ಸಿನಲ್ಲೇ ದಂಡೋತಿಗೆ ಹೋಗುವ ತಯಾರಿ ಮಾಡಿಕೊಂಡೆ. ಈ ಸಲ ಅವರು ಬಿಡುವ ಮೊದಲು ನಾನೇ ಹೋಗುವೆನೆಂದುಕೊಂಡೆ. ಸೇಡಂ ಸ್ಟ್ಯಾಂಡಿನಲ್ಲಿ ಚಿಂಚೋಳಿ ಬಸ್ ಹತ್ತಿ ಕೂತ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಲೇ ಬಾಯಿ ತೆರೆದರು.

“ಅಷ್ಟು ಮಂದ್ಯಾಗ ನನಗ ಕುಂದ್ರಿ ಅಂದಿ.”

“ಅಂದೀನಿ,” ಎಂದೆ.

ಅವರು ನನ್ನ ಮಡಿಲಲ್ಲಿದ್ದ ಹೊಸ ಪುಸ್ತಕ ತೆಗೆದುಕೊಂಡು ನನ್ನ ಕಥೆಯ ಪುಟ ಹುಡುಕಿದರು. ನಿಮ್ಮ ಜೆರಾಕ್ಸನ್ನು ಆಗ ಪೂರ್ತಿ ಓದಿರಲಿಲ್ಲವಂತೆ, ನಿಮ್ಮ ಪತ್ರದ ಮೇಲೇ ಕಣ್ಣಿತ್ತಂತೆ. ಈಗ ಬಸ್ಸಿನ ಕುಲುಕಾಟದಲ್ಲಿ, ಪುಸ್ತಕ ಕಣ್ಣಿನ ಹತ್ತಿರ ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದರು. ಕೆಮ್ಮಿನ ಭಾಗ ಬಂದಾಗ ಕೆಮ್ಮು ಬಂತು, ತಡೆದುಕೊಂಡರು. ಓದಿ ಮುಗಿಸಿ ಪುಸ್ತಕ ಮುಚ್ಚಿ ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡಿದ್ದರು. ಆಮೇಲೆ ಯಾರಿಗೂ ಕೇಳದಂತೆ ದನಿ ಇಳಿಸಿ ಕೇಳಿದರು.

“ಇನ್ನೊಂದು ಕಥಿ ಬರೀಲಿಕತ್ತೀಯೇನು?”

“ಬರೀಲಿಕತ್ತೀನಿ,” ಎಂದೆ.

“ಅದರಾಗ ನಾ ಅದೀನೇನು?”

ಅವರ ದನಿಯಲ್ಲಿ ಹೆದರಿಕೆ ಇತ್ತು, ಆಪಾ. ಇಷ್ಟು ವರ್ಷದಲ್ಲಿ ನಾನು ಕೇಳದ ದನಿ. ಇಲ್ಲ ಎಂದು ಹೇಳಿ ಸಮಾಧಾನ ಮಾಡಬಹುದಿತ್ತು. ಹಾಗೆ ಮಾಡಿ ಅಭ್ಯಾಸವೂ ಇದೆ.

“ಇನ್ನಾ ಗೊತ್ತಿಲ್ಲ. ನೀವು ಹೆಂಗಿರ್ತೀರಿ ನೋಡಬೇಕು,” ಎಂದೆ.

ಅಲ್ಲಿಂದ ಮನೆ ಮುಟ್ಟುವವರೆಗೆ ಅವರು ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದರು, ಅದರಲ್ಲಿ ಏನಿದೆಯೋ ಎಂದು. ನಾನು ಹೊರಗೆ ತೊಗರಿ ಕೊಯ್ದ ಹೊಲಗಳನ್ನು ನೋಡುತ್ತ ಕೂತಿದ್ದೆ.

ನಿಮ್ಮ ಜಗದೇವಿ